ತೊಗಲ ಸೀಟು, ಮಡಿಲ ಮಗು

ಕಳೆದ ವರ್ಷ ಜುಲೈಯಲ್ಲಿ ನಮ್ಮ ತಂಗಿ ಎರಡು ವರ್ಷದ ಮಗನೊಂದಿಗೆ ದುಬೈಯಿಂದ ರಜೆಗೆ ಬಂದಳು. ಬಜ್ಪೆ ವಿಮಾನ ನಿಲ್ದಾಣದ ಹೊರಗೆ ಬಿಡದೆ ಸುರಿಯುವ ಮಳೆ. ಆಕೆ ದೂಡಿಕೊಂಡು ಬಂದ ಟ್ರಾಲಿಯಲ್ಲಿ ಎರಡು ಸೂಟ್‌ಕೇಸುಗಳ ಮೇಲೆ ಪ್ಲಾಸ್ಟಿಕ್ ಸುತ್ತಿದ ದೊಡ್ಡದೊಂದು ಗಂಟಿತ್ತು. ಅದು ಮಗುವಿನ ಕಾರ್ ಸೀಟ್. ನಾವು ಹೋಗಿದ್ದುದು ಮಾಮನ ಹೊಸ ಕಾರಿನಲ್ಲಿ. ಮಾಮ 24 ವರ್ಷ ದಮ್ಮಾಮಿನಲ್ಲಿ ದುಡಿದವರು. ಅಲ್ಲಿದ್ದಷ್ಟು ಕಾಲವೂ ಕಂಪೆನಿಯ ಪಿಕಪ್ ಓಡಿಸಿದರು. ಸ್ವಂತಕ್ಕೆಂದು ಒಂದು ಕಾರು ಕೊಂಡದ್ದು ಊರಿಗೆ ಮರಳಿದ ಮೇಲೆ, ಅರುವತ್ತರ ಹೊಸ್ತಿಲಲ್ಲಿ. ಬಿಳಿ ಕಾರು, ಒಳಗೆ ತಿಳಿ ಕಂದು ಬಣ್ಣದ ತೊಗಲಿನ ಸೀಟು. ಆ ಸೀಟುಗಳ ಮೇಲೆ ಶೋರೂಮಿನಿಂದ ಬಂದ ಪ್ಲಾಸ್ಟಿಕ್ ಹೊದಿಕೆ ಮೂರು ತಿಂಗಳಾದರೂ ಹಾಗೆಯೇ ಇತ್ತು.

"ಅದನ್ನು ಡಿಕ್ಕಿಯಲ್ಲಿ ಇಡು ಮಾರಾಯ, ಸೀಟಿನಲ್ಲಿ ಗುಳಿ ಬೀಳ್ತದೆ. ಮಗು ಉಮ್ಮನ ಮಡಿಲಲ್ಲಿ ಕೂತ್ಕೊಳ್ಳಲಿ" ಎಂದರು ಮಾಮ. ತಂಗಿ ಏನೋ ಹೇಳಹೊರಟವಳು ಸುಮ್ಮನಾದಳು. "ದುಬೈಯಲ್ಲಿ ಹೀಗೆ ಹೋದರೆ ಪೊಲೀಸರು ಹಿಡೀತಾರೆ" ಎಂದು ನಗುತ್ತಾ ಹೇಳಿದಾಗ ಮಾಮನೂ ನಕ್ಕರು. "ಅದೆಲ್ಲ ಅಲ್ಲಿಗೆ. ಇಲ್ಲಿ ಯಾರು ಕೇಳ್ತಾರೆ?" ಹೀಗೆ ಮಗು ಮುಂದಿನ ಸೀಟಿನಲ್ಲಿ, ತಾಯಿಯ ಮಡಿಲಲ್ಲಿ, ಎದುರಿನ ಡ್ಯಾಶ್‌ಬೋರ್ಡಿಗೆ ಕೈಯಳತೆಯ ದೂರದಲ್ಲಿ ಕುಳಿತಿತು. ಮಗುವಿಗಾಗಿ ಮಾಡಿದ ಸೀಟು ಡಿಕ್ಕಿಯಲ್ಲಿ ಸೂಟ್‌ಕೇಸುಗಳ ನಡುವೆ ಅಲುಗದಂತೆ ಭದ್ರವಾಗಿ ಕುಳಿತಿತು. ಗುಡ್ಡದ ತಿರುವುಗಳನ್ನು ಇಳಿದು, ಮಳೆಯಲ್ಲಿ ಲಾರಿಗಳ ಹಿಂದೆ ನಿಧಾನವಾಗಿ ಸಾಗಿ, ಮನೆ ಸೇರಿದೆವು. ಏನೂ ಆಗಲಿಲ್ಲ. ಅಂದು ನಾವೂ ಮಾಮನಿಗೆ ಎದುರಾಡಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ಮುಂದಿನ ಮಾತು ಆಡುವುದು ಪ್ರಾಮಾಣಿಕತೆ.

ಸಂಜೆ ಸೂಟ್‌ಕೇಸು ಬಿಚ್ಚಿದಾಗ ಗೊತ್ತಾಯಿತು, ಮಾಮನ ಆಕ್ಷೇಪವನ್ನು ತಂಗಿ ಮೊದಲೇ ಊಹಿಸಿದ್ದಳು. ತೊಗಲಿನ ಸೀಟಿಗೆ ಗೀರು ಬೀಳದಂತೆ ಮಗುವಿನ ಸೀಟಿನ ಅಡಿಗೆ ಹಾಸುವ ಒಂದು ದಪ್ಪ ಚಾಪೆಯನ್ನೂ ಕೊಂಡು ತಂದಿದ್ದಳು. 'ಸೀಟ್ ಪ್ರೊಟೆಕ್ಟರ್' ಎಂದು ಅದರ ಹೆಸರು. ಮೇಲೆ ಕಪ್ಪು ನೈಲಾನ್ ಬಟ್ಟೆ, ನಡುವೆ ಎರಡು ಬೆರಳು ದಪ್ಪದ ಸ್ಪಂಜು, ಅಡಿಯಲ್ಲಿ ಜಾರದಿರಲೆಂದು ರಬ್ಬರಿನಂಥ ಜಾಳಿಗೆ. ಮುಂದಿನ ತುದಿಯಲ್ಲಿ ಆಟಿಕೆ ಇಡಲು ಮೂರು ಕಿಸೆಗಳು. ಪೆಟ್ಟಿಗೆ ಅಚ್ಚುಕಟ್ಟಾಗಿತ್ತು. ನಾವು ಸಾಮಾನ್ಯವಾಗಿ ಪುಸ್ತಕಗಳನ್ನು, ನಾಟಕ ಸಿನಿಮಾಗಳನ್ನು ವಿಮರ್ಶಿಸುವವರು. ಆದರೆ ಆ ಸಂಜೆ ಮಳೆ ನಿಲ್ಲುವ ಲಕ್ಷಣವಿರಲಿಲ್ಲ. ಕೈಗೆ ಸಿಕ್ಕ ಮೂರು ಬರಹಗಳನ್ನು ಜಗಲಿಯಲ್ಲಿ ಕುಳಿತು ಓದಿದೆವು: ಚಾಪೆಯ ಪೆಟ್ಟಿಗೆ, ಮಗುವಿನ ಸೀಟಿನ ಕೈಪಿಡಿ, ಮಾಮನ ಕಾರಿನ ಕೈಪಿಡಿ. ಒಂದೇ ಹಿಂಬದಿಯ ಸೀಟಿನ ಬಗ್ಗೆ ಬರೆದ ಈ ಮೂರೂ ಒಂದನ್ನೊಂದು ನೋಡಿಯೇ ಇಲ್ಲವೇನೋ ಎಂಬಂತಿದ್ದವು. ನಮ್ಮ ಕಾಲದ ಕೊಳ್ಳುವ ಸಂಸ್ಕೃತಿಯನ್ನು ಅರಿಯಲು ಇಂಥ ಪೆಟ್ಟಿಗೆಗಳನ್ನೂ ಓದಬೇಕೆಂದು ನಮಗೆ ಆಗ ಅನ್ನಿಸಿತು.

ಮೊದಲು ಚಾಪೆಯ ಪೆಟ್ಟಿಗೆ. ಅದರ ಮುಖದ ಮೇಲೆ ಹೊಳೆಯುವ ತೊಗಲಿನ ಸೀಟಿನ ಚಿತ್ರವಿತ್ತು, ಅದರ ಮೇಲೆ ಚಾಪೆಯ ಚಿತ್ರವಿತ್ತು, ಮಗುವಿರಲಿಲ್ಲ. ಹಿಂಬದಿಯಲ್ಲಿ ಒಂದು ಪುಟ್ಟ ಚಿತ್ರದಲ್ಲಿ ಮಗುವಿನ ಸೀಟು ಕಂಡಿತು, ಅದೂ ಖಾಲಿ. ಗೀರು, ಗುಳಿ, ಕಲೆ, ಚೆಲ್ಲಿದ ಹಾಲು, ಕೆಸರು ಶೂ ಎಲ್ಲದರಿಂದಲೂ ರಕ್ಷಣೆ ಎಂಬ ಭರವಸೆ. ಎಲ್ಲ ಕಾರುಗಳಿಗೂ, ಎಲ್ಲ ಮಕ್ಕಳ ಸೀಟುಗಳಿಗೂ ಹೊಂದುತ್ತದೆ ಎಂಬ ಇನ್ನೊಂದು ಭರವಸೆ. ಎಲ್ಲಕ್ಕೂ ಹೊಂದುವುದೆಂದು ಹೇಳಿಕೊಳ್ಳುವ ವಸ್ತುವಿನ ಬಗ್ಗೆ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು. ಅಪಘಾತದಲ್ಲಿ ಇದು ಹೇಗೆ ವರ್ತಿಸುತ್ತದೆ ಎಂಬ ಬಗ್ಗೆ ಪೆಟ್ಟಿಗೆಯಲ್ಲಿ ಒಂದು ಪದವೂ ಇರಲಿಲ್ಲ. 'ರಕ್ಷಣೆ' ಎಂಬ ಮಾತು ಏಳೆಂಟು ಸಲ ಬಂದಿತ್ತು, ಒಂದೊಂದು ಸಲವೂ ರಕ್ಷಿಸಲ್ಪಡುವುದು ತೊಗಲು.

ಇನ್ನು ಮಗುವಿನ ಸೀಟಿನ ಕೈಪಿಡಿ. ದಪ್ಪ ಪುಸ್ತಕ, ಒಣ ಭಾಷೆ, ಪುಟಪುಟಕ್ಕೂ ಎಚ್ಚರಿಕೆಯ ತ್ರಿಕೋನ. ಅದರ ನಡುವೆ ಎಲ್ಲೋ ಒಂದು ವಾಕ್ಯ: ನಾವು ಒಪ್ಪಿಗೆ ಕೊಡದ ಯಾವ ವಸ್ತುವನ್ನೂ ಈ ಸೀಟಿಗೂ ವಾಹನದ ಸೀಟಿಗೂ ನಡುವೆ ಇಡಬೇಡಿ. ಈ ಮಾತು ಒಂದು ಕಂಪೆನಿಯದ್ದಷ್ಟೇ ಅಲ್ಲ. ಮಕ್ಕಳ ಸೀಟು ತಯಾರಿಸುವ ಬಹುತೇಕ ಕಂಪೆನಿಗಳು ಇದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳುತ್ತವೆ. ಕೆಲವು ತಮ್ಮದೇ ತೆಳು ಚಾಪೆಯನ್ನು ಮಾಡಿ ಮಾರುತ್ತವೆ, ಇನ್ನು ಕೆಲವು ತೆಳ್ಳಗಿನ ಒಂದು ಬಟ್ಟೆಯನ್ನು ಹಾಸಲು ಅನುಮತಿ ಕೊಡುತ್ತವೆ, ಕೆಲವು ಏನೂ ಬೇಡವೆನ್ನುತ್ತವೆ. ಕಾರಣ ಸರಳ. ಅಮೆರಿಕದಲ್ಲಾಗಲಿ ಯುರೋಪಿನಲ್ಲಾಗಲಿ ಈ ಸೀಟುಗಳನ್ನು ಪರೀಕ್ಷಿಸುವುದು ನಿಗದಿತ ಅಳತೆಯ ಬರಿಯ ಸೀಟಿನ ಮೇಲೆ ಕಟ್ಟಿ. ಅಂಗಡಿಯ ಚಾಪೆ ಆ ಪರೀಕ್ಷೆಯಲ್ಲಿ ಇರುವುದಿಲ್ಲ. ನಡುವೆ ಮತ್ತೊಂದು ವಸ್ತು ಬಂದ ಕೂಡಲೇ ಪರೀಕ್ಷೆಯಲ್ಲಿ ಗೆದ್ದ ಸೀಟು ಬೇರೆ, ನಮ್ಮ ಕಾರಿನಲ್ಲಿರುವ ಸೀಟು ಬೇರೆ ಎಂದಾಗುತ್ತದೆ.

ಇದು ಕಂಪೆನಿಗಳ ಕಾನೂನು ಜಾಣತನವಷ್ಟೇ ಎಂದು ಮೊದಲು ನಮಗೂ ಅನ್ನಿಸಿತು. ಆದರೆ ಕೈಯಲ್ಲಿ ಮಾಡಿ ನೋಡಿದರೆ ಅರ್ಥವಾಗುತ್ತದೆ. ಮಗುವಿನ ಸೀಟನ್ನು ಕಾರಿನ ಬೆಲ್ಟಿನಿಂದ ಬಿಗಿಯುವಾಗ ಮೊಣಕಾಲಿನ ಭಾರ ಹಾಕಿ ಕೆಳಕ್ಕೆ ಒತ್ತುತ್ತೇವೆ. ಅಡಿಯಲ್ಲಿ ದಪ್ಪ ಸ್ಪಂಜಿದ್ದರೆ ಬೆಲ್ಟು ಬಿಗಿಯಾದಂತೆ ತೋರುತ್ತದೆ. ನಾಲ್ಕು ದಿನ ಮಗು ಕುಳಿತು ಎದ್ದ ಮೇಲೆ ಸ್ಪಂಜು ತಗ್ಗುತ್ತದೆ, ಬೆಲ್ಟು ಸಡಿಲಾಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಅಪಘಾತದ ಕ್ಷಣದಲ್ಲಂತೂ ಉಳಿದ ಸ್ಪಂಜೂ ಅಪ್ಪಚ್ಚಿಯಾಗಿ ಅಷ್ಟೇ ಅಳತೆಯ ಸಡಿಲು ಹುಟ್ಟುತ್ತದೆ. ಬೆಲ್ಟಿನ ಬದಲು ಐಸೊಫಿಕ್ಸ್ ಕೊಂಡಿಗಳಿರುವ ಸೀಟಾದರೆ ಇನ್ನೊಂದು ತೊಂದರೆ. ದಪ್ಪ ಚಾಪೆ ಸೀಟನ್ನು ಮೇಲಕ್ಕೆತ್ತುವುದರಿಂದ ಕೊಂಡಿಗಳು ಕಾರಿನ ಸರಳಿಗೆ ಸರಿಯಾಗಿ ಕೂರುವುದಿಲ್ಲ. ಬೆಲ್ಟು ಹಾಯುವ ಜಾಗದಲ್ಲಿ ಹಿಡಿದು ಅಲುಗಿಸಿದರೆ ಸೀಟು ಅತ್ತಿತ್ತ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು ಎಂಬುದು ಎಲ್ಲೆಡೆ ಹೇಳುವ ಅಳತೆ. ಮಾಮನ ಕಾರಿನಲ್ಲಿ, ಪ್ಲಾಸ್ಟಿಕ್ ಹೊದಿಕೆಯ ಮೇಲೆ ಚಾಪೆ ಹಾಸಿ, ಅದರ ಮೇಲೆ ಬಿಗಿದ ಸೀಟನ್ನು ನಾವು ಒಂದೇ ಕೈಯಲ್ಲಿ ಎಳೆದೆವು. ಅದು ಗೇಣುದ್ದ ಜಾರಿ ಬಂತು. ಮಾಮ ಕೊಡೆ ಹಿಡಿದು ನಿಂತು ನೋಡುತ್ತಿದ್ದರು, ಏನೂ ಹೇಳಲಿಲ್ಲ.

ಮೂರನೆಯದು ಕಾರಿನ ಕೈಪಿಡಿ. ಇಂಗ್ಲಿಷಿನ ಪುಸ್ತಕ. ಮಾಮ ಅದನ್ನು ತೆರೆದೇ ಇರಲಿಲ್ಲ. ತೆರೆಯುವವರಾದರೂ ಯಾರು? ಕನ್ನಡ ನಾಡಿನಲ್ಲಿ ಲಕ್ಷಗಟ್ಟಲೆ ಕಾರು ಮಾರುವವರು ಕನ್ನಡದಲ್ಲಿ ಒಂದು ಕೈಪಿಡಿ ಕೊಡುವ ಗೋಜಿಗೆ ಹೋಗುವುದು ಅಪರೂಪ ಎಂಬ ಮಾತನ್ನು ಇಲ್ಲಿ ಹೇಳಿಯೇ ಬಿಡಬೇಕು. ಈ ಪುಸ್ತಕದಲ್ಲಿ ತೊಗಲನ್ನು ನೋಡಿಕೊಳ್ಳುವ ಬಗ್ಗೆ ಒಂದು ಕಡೆ, ಮಗುವಿನ ಸೀಟು ಕೂರಿಸುವ ಬಗ್ಗೆ ಇನ್ನೊಂದು ಕಡೆ ವಿವರಗಳಿವೆ. ಒಂದು ಸೀಟಿನ ಮೇಲೆ ಎರಡೂ ಒಟ್ಟಿಗೆ ಬಂದಾಗ ಮನೆಯವರು ಏನು ಮಾಡಬೇಕೆಂಬುದು ಎಲ್ಲಿಯೂ ಇಲ್ಲ. ಆ ಖಾಲಿ ಜಾಗದಲ್ಲಿಯೇ ಚಾಪೆಯ ವ್ಯಾಪಾರ ಹುಟ್ಟಿಕೊಂಡಿದೆ. ಓದು ಬಾರದವರಿಗೂ ಅರ್ಥವಾಗುವ ಒಂದೇ ಒಂದು ಪುಟ ಕಾರಿನಲ್ಲಿದೆ. ಅದು ಪುಸ್ತಕದೊಳಗಿಲ್ಲ, ಮುಂದಿನ ಸೀಟಿನ ಎದುರಿನ ಬಿಸಿಲು ತಡೆಯುವ ಹಲಗೆಯ ಮೇಲೆ ಅಂಟಿಸಿದೆ: ಹಿಂದಕ್ಕೆ ಮುಖ ಮಾಡಿದ ಮಗುವಿನ ಸೀಟು, ಎದುರಿಗೆ ಉಬ್ಬಿದ ಏರ್‌ಬ್ಯಾಗ್, ಅದರ ಮೇಲೆ ಕೆಂಪು ಅಡ್ಡಗೀಟು. ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಉಬ್ಬುತ್ತದೆ. ದೊಡ್ಡವರ ಎದೆಯನ್ನು ಉಳಿಸಲು ಮಾಡಿದ ಆ ವೇಗ, ಮಡಿಲಲ್ಲಿರುವ ಮಗುವಿಗೆ ಹೊಡೆತ. ಬಜ್ಪೆಯಿಂದ ಮನೆಯವರೆಗೆ ಆ ಚಿತ್ರ ನಮ್ಮ ತಂಗಿಯ ಹಣೆಯ ಮೇಲೆಯೇ ಇತ್ತು.

ಮಡಿಲಿನ ಬಗ್ಗೆ ನಮ್ಮಲ್ಲಿ ಒಂದು ನಂಬಿಕೆಯಿದೆ, ತಾಯಿಯ ಕೈಗಿಂತ ಭದ್ರವಾದದ್ದು ಯಾವುದಿದೆ ಎಂದು. ಕಾರು ನಿಂತಿರುವಷ್ಟು ಹೊತ್ತು ಅದು ನಿಜ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು ಏನಕ್ಕೋ ಬಡಿದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆಂದು ಇಟ್ಟುಕೊಳ್ಳಿ. ಶಾಲೆಯ ಲೆಕ್ಕ ಸಾಕು: ಒಳಗಿರುವ ಪ್ರತಿಯೊಂದೂ ಆ ಕ್ಷಣ ತನ್ನ ತೂಕದ ಸುಮಾರು 14 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 12 ಕಿಲೋದ ಮಗು ಹತ್ತಿರ ಹತ್ತಿರ 170 ಕಿಲೋ ಆಗುತ್ತದೆ. ಅಂದರೆ 50 ಕಿಲೋದ ಮೂರು ಅಕ್ಕಿ ಮೂಟೆಗಳಿಗಿಂತಲೂ ಹೆಚ್ಚು. ಮೂರು ಮೂಟೆ ಅಕ್ಕಿಯನ್ನು ಹಾರದಂತೆ ತಬ್ಬಿ ಹಿಡಿಯುವ ತೋಳು ಯಾವ ತಾಯಿಗಿದೆ? ತಾಯಿಯೇ ಬೆಲ್ಟು ಹಾಕದಿದ್ದರೆ ಆಕೆಯ ಭಾರವೂ ಮಗುವಿನ ಮೇಲೆಯೇ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕುಳಿತು ಸತ್ತಾಗ ದೇಶವೆಲ್ಲ ಕೆಲವು ದಿನ ಹಿಂದಿನ ಬೆಲ್ಟಿನ ಬಗ್ಗೆ ಮಾತಾಡಿತು. ಆ ವರ್ಷ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಸರ್ಕಾರದ್ದೇ ಲೆಕ್ಕ. ಮಾತು ತಣ್ಣಗಾದ ಮೇಲೆ ಹಿಂದಿನ ಬೆಲ್ಟುಗಳು ಮತ್ತೆ ಸೀಟಿನ ಸಂದಿಗೆ ಸೇರಿದವು.

ಕಾನೂನು ಇಲ್ಲಿಲ್ಲ, ಅಲ್ಲಿದೆ ಎಂಬ ಮಾಮನ ಮಾತೂ ಪೂರ್ತಿ ಸರಿಯಲ್ಲ. ಯುಎಇಯಲ್ಲಿ 2017ರ ಜುಲೈ 1ರಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯವಾಯಿತು. ನಮ್ಮಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 194ಬಿ ಎಂಬ ಕಲಮನ್ನು ಸೇರಿಸಿತು. ಅದರಂತೆ 14 ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟಿನಿಂದ ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದೆ ವಾಹನ ಓಡಿಸಿದರೆ 1000 ರೂಪಾಯಿ ದಂಡ. ಅರಬ್ಬೀ ಸಮುದ್ರದ ಎರಡೂ ದಡಗಳಲ್ಲಿ ಕಾನೂನಿದೆ. ಆ ದಡದಲ್ಲಿ ಅದು ರಸ್ತೆಯ ಮೇಲಿದೆ, ಈ ದಡದಲ್ಲಿ ಪುಸ್ತಕದಲ್ಲಿದೆ. ನಮ್ಮ ಕರಾವಳಿಯ ಸಾವಿರಾರು ಕುಟುಂಬಗಳು ವರ್ಷಕ್ಕೊಮ್ಮೆ ಈ ಎರಡರ ನಡುವೆ ಹಾರಾಡುತ್ತವೆ. ಅಲ್ಲಿ ಅಳುತ್ತಾ ಅಳುತ್ತಾ ಸೀಟಿಗೆ ಒಗ್ಗಿಕೊಂಡ ಮಗು ಇಲ್ಲಿ ಒಂದೇ ದಿನದಲ್ಲಿ ಮಡಿಲಿಗೆ ಬರುತ್ತದೆ. ರಜೆ ಮುಗಿಸಿ ಹಿಂತಿರುಗಿದಾಗ ಮತ್ತೆ ಸೀಟಿನ ಮೇಲೆ ಕೂರಲು ಒಲ್ಲೆನೆಂದು ಹಟ ಹಿಡಿಯುತ್ತದೆ ಎಂದು ಅನೇಕ ತಾಯಂದಿರು ನಮ್ಮಲ್ಲಿ ಹೇಳಿಕೊಂಡಿದ್ದಾರೆ.

ಮಾಮ ತಮ್ಮ ಕಾರಿಗೆ ಬಂದ ನಕ್ಷತ್ರಗಳ ಬಗ್ಗೆ ಹೆಮ್ಮೆಪಡುತ್ತಾರೆ, ಅದು ಸಹಜವೇ. 2023ರ ಅಕ್ಟೋಬರಿನಲ್ಲಿ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಆರಂಭವಾದ ಮೇಲೆ ಕಾರಿನ ಜಾಹೀರಾತುಗಳಲ್ಲಿ ಮೈಲೇಜಿನ ಪಕ್ಕದಲ್ಲಿಯೇ ನಕ್ಷತ್ರಗಳೂ ಹೊಳೆಯತೊಡಗಿವೆ. ಆದರೆ ಆ ಪರೀಕ್ಷೆಯಲ್ಲಿ ಮಕ್ಕಳ ರಕ್ಷಣೆಗಿರುವ 49 ಅಂಕಗಳ ದೊಡ್ಡ ಪಾಲನ್ನು ಕಾರು ಗಳಿಸುವುದು ಹೇಗೆ? ಹದಿನೆಂಟು ತಿಂಗಳಿನ ಮತ್ತು ಮೂರು ವರ್ಷದ ಮಕ್ಕಳ ಅಳತೆಯ ಗೊಂಬೆಗಳನ್ನು ಹಿಂದಿನ ಸೀಟಿನಲ್ಲಿ, ಮಕ್ಕಳ ಸೀಟಿನೊಳಗೆ, ಸರಿಯಾಗಿ ಬಿಗಿದು ಕೂರಿಸಿ. ಆ ನಕ್ಷತ್ರ ಗೊಂಬೆಗೆ ಸಿಕ್ಕಿದ್ದು. ಮಡಿಲಲ್ಲಿ ಕುಳಿತ ಮಗುವಿಗೆ ಅದರಲ್ಲಿ ಪಾಲಿಲ್ಲ. ಯಾವ ಜಾಹೀರಾತೂ ಇದನ್ನು ಬಿಡಿಸಿ ಹೇಳುವುದನ್ನು ನಾವು ಕಂಡಿಲ್ಲ. ಜಾಹೀರಾತಿನ ಹಿಂಬದಿ ಸೀಟಿನಲ್ಲಿ ನಗುವ ಮಕ್ಕಳಿರುತ್ತಾರೆ, ಅವರ ಅಡಿಯಲ್ಲಿ ಹೊಳೆಯುವ ಸೀಟಿರುತ್ತದೆ, ಮಕ್ಕಳ ಸೀಟು ಮಾತ್ರ ಇರುವುದಿಲ್ಲ. ಅದಿದ್ದರೆ ತೊಗಲು ಕಾಣುವುದಿಲ್ಲವಲ್ಲ.

ಹಾಗಾದರೆ ಇಷ್ಟೊಂದು ಅಕ್ಕರೆಗೆ ಪಾತ್ರವಾದ ಈ ತೊಗಲು ಏನು? ನಮ್ಮಲ್ಲಿ ಮಧ್ಯಮ ದರದ ಕಾರುಗಳಲ್ಲಿ 'ಲೆದರ್ ಸೀಟ್' ಎಂದು ನಾವು ಕರೆಯುವುದು ಬಹುಪಾಲು ಲೆದರೆಟ್. ಅಂದರೆ ಬಟ್ಟೆಯ ಮೇಲೆ ಪಿವಿಸಿ ಅಥವಾ ಪಾಲಿಯುರಿಥೇನ್ ಲೇಪಿಸಿದ್ದು. ನಮ್ಮ ಹಿರಿಯರ ಮಾತಿನಲ್ಲಿ ರೆಕ್ಸಿನ್. ಮಾಮನ ಕಾರಿನ ಕೈಪಿಡಿಯಲ್ಲಿಯೂ ಅದೇ ಪದವಿತ್ತು, ನಾವು ಅದನ್ನು ಗಟ್ಟಿಯಾಗಿ ಓದಿ ಹೇಳಲಿಲ್ಲ. ದುಬಾರಿ ಕಾರುಗಳಲ್ಲಿ ನಿಜವಾದ ತೊಗಲೇ ಇರುತ್ತದೆ. ಅದೂ ಹೆಚ್ಚಾಗಿ ಕ್ರೋಮ್ ಉಪ್ಪಿನಲ್ಲಿ ಹದಮಾಡಿ, ಬಣ್ಣ ಬಳಿದು, ಮೇಲೆ ತೆಳುವಾದ ಪಾಲಿಯುರಿಥೇನ್ ಪೊರೆ ಕೊಟ್ಟದ್ದು. ನಾವು ಸೀಟನ್ನು ಮುಟ್ಟಿದಾಗ ಕೈಗೆ ತಾಗುವುದು ಆ ಪೊರೆ. ಈ ಕ್ರೋಮ್ ಹದದ ಇನ್ನೊಂದು ಮುಖವನ್ನು ನೋಡಬೇಕಾದವರು ನಂದಿಬೆಟ್ಟದ ಕಡೆ ಹುಟ್ಟಿ ತಮಿಳುನಾಡಿಗೆ ಹರಿಯುವ ಪಾಲಾರ್ ನದಿಯ ಗುಂಟ ಹೋಗಬೇಕು. ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಹದಗಾರಿಕೆಯ ನೀರು ಹೊಲ ಬಾವಿಗಳನ್ನು ಕೆಡಿಸಿದ ಮೊಕದ್ದಮೆಯಲ್ಲಿಯೇ ಸುಪ್ರೀಂ ಕೋರ್ಟು 1996ರಲ್ಲಿ, ಮಲಿನ ಮಾಡಿದವರೇ ಬೆಲೆ ತೆರಬೇಕು ಎಂಬ ತತ್ವವನ್ನು ಈ ದೇಶದ ಕಾನೂನಿನ ಭಾಗವೆಂದು ಹೇಳಿದ್ದು. ಕನ್ನಡದಲ್ಲಿ ಚರ್ಮ ಎಂದರೆ ಮೈಯ ಚರ್ಮವೂ ಹೌದು, ಸೀಟಿನ ಚರ್ಮವೂ ಹೌದು. ಯಾವ ಚರ್ಮಕ್ಕೆ ಗೀರು ಬಿದ್ದರೆ ನಮಗೆ ನೋವಾಗುತ್ತದೆ ಎಂಬ ಪ್ರಶ್ನೆ ಆ ಒಂದೇ ಪದದೊಳಗಿದೆ.

ಮಗುವಿನ ಸೀಟಿನಿಂದ ತೊಗಲು ಹಾಳಾಗುವುದೇ ಇಲ್ಲವೆಂದು ವಾದಿಸಿದರೆ ಅದು ಅಪ್ರಾಮಾಣಿಕತೆಯಾದೀತು. ಹಾಳಾಗುತ್ತದೆ. ಬಿಗಿದ ಸೀಟಿನ ಅಂಚುಗಳು ತಿಂಗಳುಗಟ್ಟಲೆ ಒತ್ತಿದರೆ ಒಳಗಿನ ಫೋಮ್ ತಗ್ಗಿ ಗುಳಿ ಬೀಳುತ್ತದೆ. ಸೀಟು ತೆಗೆದ ಮೇಲೆ ಅದು ದಿನ ಕಳೆದಂತೆ ಮೇಲೇಳುತ್ತದೆ, ವರ್ಷಗಟ್ಟಲೆ ಒತ್ತಿದ್ದರೆ ಪೂರ್ತಿ ಏಳದೆಯೂ ಇರಬಹುದು. ಆದರೆ ನಿಜವಾದ ಗೀರು ಗುಳಿಯಿಂದ ಬರುವುದಿಲ್ಲ, ಸೀಟಿನ ಅಡಿಯಲ್ಲಿ ಸಿಕ್ಕಿಬಿದ್ದ ಮರಳಿನಿಂದ, ಬಿಸ್ಕತ್ತಿನ ಪುಡಿಯಿಂದ ಬರುತ್ತದೆ. ಕಾರು ಅಲುಗಿದಂತೆಲ್ಲ ಅದು ಉಪ್ಪುಕಾಗದದಂತೆ ಪೊರೆಯನ್ನು ಉಜ್ಜುತ್ತದೆ. ಐಸೊಫಿಕ್ಸ್ ಕೊಂಡಿಗಳನ್ನು ಸಂದಿಗೆ ಕುರುಡಾಗಿ ತೂರಿಸುವಾಗ ಹೊಲಿಗೆ ಹರಿಯುತ್ತದೆ. ಇದನ್ನು ತಡೆಯಲೆಂದೇ ಅನೇಕ ಸೀಟುಗಳ ಜೊತೆ ಪುಟ್ಟ ಪ್ಲಾಸ್ಟಿಕ್ ನಾಲೆಗಳು ಬರುತ್ತವೆ, ಏನೆಂದು ತಿಳಿಯದೆ ಜನ ಅವನ್ನು ಪೆಟ್ಟಿಗೆಯ ಜೊತೆಗೇ ಎಸೆಯುತ್ತಾರೆ. ಮಗುವಿನ ತಲೆಗೆ ಹಚ್ಚಿದ ತೆಂಗಿನೆಣ್ಣೆ, ಚೆಲ್ಲಿದ ಹಾಲು, ಮಳೆಗಾಲದ ಕೆಸರು ಶೂ ಇವೂ ತೊಗಲಿಗೆ ಒಳ್ಳೆಯದಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಕಲೆ ಕಂಡ ಕೂಡಲೇ ಸ್ಯಾನಿಟೈಸರಿನಲ್ಲಿ ಉಜ್ಜುವುದು. ಅದರಲ್ಲಿರುವ ಆಲ್ಕೋಹಾಲ್ ಕಲೆಯ ಜೊತೆ ಬಣ್ಣದ ಪೊರೆಯನ್ನೂ ಎಬ್ಬಿಸುತ್ತದೆ.

ಈಗ ಚಾಪೆಗೆ ಮರಳಿ ನೋಡಿದರೆ ಇನ್ನೊಂದು ವಿಪರ್ಯಾಸ ಕಾಣುತ್ತದೆ. ಅದು ತೊಗಲನ್ನಾದರೂ ಕಾಪಾಡುತ್ತದೆಯೇ? ಜಾರದಿರಲೆಂದು ಅಡಿಯಲ್ಲಿ ಕೊಟ್ಟ ಆ ರಬ್ಬರು, ಪಿವಿಸಿಗಳು ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಮೆತ್ತಗಾಗಿ ಸೀಟಿಗೆ ಅಂಟಿಕೊಳ್ಳುತ್ತವೆ, ಅವುಗಳಲ್ಲಿರುವ ಎಣ್ಣೆಯಂಥ ರಾಸಾಯನಿಕ ಸೀಟಿನ ಲೇಪಕ್ಕೆ ಇಳಿದು ಹೋಗದ ಗುರುತು ಉಳಿಯುತ್ತದೆ. ಮರಳು ಚಾಪೆಯ ಅಡಿಗೂ ಹೋಗುತ್ತದೆ, ನಾವು ಎತ್ತಿ ನೋಡುವುದಿಲ್ಲವಾದ್ದರಿಂದ ಅಲ್ಲಿಯೇ ಇರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ನೀರು ಹೀರದ ಹೊದಿಕೆಯ ಅಡಿ ತೇವ ನಿಂತರೆ ಏನಾಗುತ್ತದೆಂದು ಮನೆಯ ಚಪ್ಪಲಿಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಮುಂದಿನ ಸೀಟಿನ ಬೆನ್ನಿಗೆ ಕಟ್ಟುವ ಕಿಸೆಯ ಹೊದಿಕೆಯದು ಬೇರೆಯೇ ಕಥೆ. ಮಗುವಿನ ಶೂ ತಾಗದಿರಲೆಂದು ಕಟ್ಟಿದ ಆ ಹೊದಿಕೆಯ ಕಿಸೆಯಲ್ಲಿ ಟ್ಯಾಬ್ಲೆಟ್, ನೀರಿನ ಬಾಟಲಿ, ಆಟಿಕೆ. ಅಪಘಾತವಾದಾಗ ಅವೆಲ್ಲ ಕಲ್ಲುಗಳು.

ಚಾಪೆಯನ್ನಷ್ಟೇ ದೂರಿದರೆ ನಮ್ಮೂರಿನ ಸೀಟ್ ಕವರ್ ಅಂಗಡಿಗಳಿಗೆ ಅನ್ಯಾಯ ಮಾಡಿದಂತೆ. ಹೊಸ ಕಾರು ಶೋರೂಮಿನಿಂದ ನೇರ ಅಲ್ಲಿಗೆ ಹೋಗುವುದು ನಮ್ಮಲ್ಲೊಂದು ಶಾಸ್ತ್ರ. ಕಂಪೆನಿಯ ಸೀಟನ್ನು ಕಾಪಾಡಲು ಅದರ ಮೇಲೊಂದು ರೆಕ್ಸಿನ್ ಕವರ್, ಆ ಕವರನ್ನು ಕಾಪಾಡಲು ಅದರ ಮೇಲೊಂದು ಟವೆಲ್. ಸೀಟಿನ ಮಗ್ಗುಲಿನಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಸುತ್ತಲೂ ಬಿಗಿಯಾದ ಕವರ್ ಹೊಲಿದರೆ ಅದು ಹೊರಬರುವ ದಾರಿ ಮುಚ್ಚುತ್ತದೆ ಎಂದು ಕಾರಿನ ಕೈಪಿಡಿಗಳೇ ಎಚ್ಚರಿಸುತ್ತವೆ. ಹಿಂದಿನ ಸೀಟಿನ ಐಸೊಫಿಕ್ಸ್ ಸರಳುಗಳು ಕವರಿನ ಅಡಿ ಸೇರುತ್ತವೆ. ಬೆಲ್ಟಿನ ಬಕಲ್‌ಗಳು ಕೂರುವಾಗ ಚುಚ್ಚುತ್ತವೆಂದು ಸಂದಿಗೆ ತುರುಕಲ್ಪಡುತ್ತವೆ. ಆಮೇಲೆ ಯಾರಾದರೂ ಮಗುವಿನ ಸೀಟು ತಂದರೆ ಅದನ್ನು ಕಟ್ಟಲು ಜಾಗವೇ ಇರುವುದಿಲ್ಲ. ಹೊಲಿಯುವ ಹುಡುಗರ ಕೈಚಳಕ ನಿಜಕ್ಕೂ ದೊಡ್ಡದು, ಹೇಳಿದರೆ ಸರಳುಗಳ ಜಾಗದಲ್ಲಿ ಎರಡು ಸೀಳು ಬಿಟ್ಟು ಅಂಚು ಹೊಲಿದು ಕೊಡುತ್ತಾರೆ. ಹೇಳುವವರು ಬೇಕು.

ಆದರೂ ಮಾಮನಂಥವರನ್ನು ಹಾಸ್ಯ ಮಾಡಿ ಮುಗಿಸಿಬಿಡಲು ನಮಗೆ ಮನಸ್ಸಿಲ್ಲ. ಬಡತನದಿಂದ ಬಂದ ಮನೆಗಳಲ್ಲಿ ವಸ್ತುವನ್ನು ಮುಚ್ಚಿಡುವುದು ಜಿಪುಣತನವಾಗಿರಲಿಲ್ಲ, ಇನ್ನೊಂದು ಸಲ ಕೊಳ್ಳಲಾರೆವು ಎಂಬ ಅರಿವಾಗಿತ್ತು. ಟಿವಿಗೆ ಬಟ್ಟೆ, ರೇಡಿಯೋಗೆ ಕಸೂತಿ ಹಾಕಿದ ಹೊದಿಕೆ, ಕೊಲ್ಲಿಯಿಂದ ಬಂದ ಕಂಬಳಿಗೆ ಅದರದ್ದೇ ಜಿಪ್ಪಿನ ಚೀಲ. ನಮ್ಮ ಉಮ್ಮನ ಕಪಾಟಿನಲ್ಲಿ ನಲುವತ್ತು ವರ್ಷದಿಂದ ಒಮ್ಮೆಯೂ ಚಹಾ ಕಾಣದ ಪಿಂಗಾಣಿ ಕಪ್ಪುಗಳಿವೆ. 24 ವರ್ಷಗಳ ಬೆವರು ಒಂದು ಕಾರಾಗಿ ಅಂಗಳದಲ್ಲಿ ನಿಂತಾಗ ಅದರ ಮೇಲೆ ಒಂದು ಗುಳಿಯೂ ಬೀಳಬಾರದೆಂದು ಅನ್ನಿಸಿದರೆ ಅದನ್ನು ಅರ್ಥಮಾಡಿಕೊಳ್ಳಬಹುದು. ಬಾಡಿಗೆ ಕಾರಿನ ಚಾಲಕನಿಗಂತೂ ಸೀಟೇ ಅಂಗಡಿ. ಮಗುವಿನ ಸೀಟು ಕಟ್ಟುತ್ತೇವೆಂದರೆ ಆತ ಮುಖ ಸಿಂಡರಿಸುವುದರಲ್ಲಿ ದುಷ್ಟತನವೇನಿಲ್ಲ, ನಾಳೆಯ ಗಿರಾಕಿ ಗುಳಿ ನೋಡಿ ದೂರುತ್ತಾನೆಂಬ ಭಯ. ಆ ಭಯಕ್ಕೆ ಒಳ್ಳೆಯ ಉತ್ತರ ಕೊಡುವ ಬದಲು ಒಂದು ಸ್ಪಂಜಿನ ಚಾಪೆಯನ್ನು ಮಾರುವ ವ್ಯಾಪಾರದ ಮೇಲೆ ನಮ್ಮ ಆಕ್ಷೇಪ. ವಸ್ತುವಿನ ಆಯುಷ್ಯಕ್ಕೂ ಮಗುವಿನ ಆಯುಷ್ಯಕ್ಕೂ ನಡುವೆ ಪೈಪೋಟಿ ಇದೆಯೆಂದು ನಮ್ಮನ್ನು ನಂಬಿಸಿ, ಎರಡನ್ನೂ ಅದು ಸೋಲಿಸುತ್ತದೆ.

ಉತ್ತರ ಅಷ್ಟೇನೂ ಕಷ್ಟದ್ದಲ್ಲ, ಖರ್ಚೂ ಕಡಿಮೆ. ಮಗುವಿನ ಸೀಟಿನ ಕೈಪಿಡಿ ಏನು ಒಪ್ಪುತ್ತದೋ ಅಷ್ಟೇ: ಅದೇ ಕಂಪೆನಿಯ ತೆಳು ಚಾಪೆ, ಅಥವಾ ಅನುಮತಿಯಿದ್ದರೆ ಒಂದೇ ಪದರದ ತೆಳುವಾದ ಹತ್ತಿ ಬಟ್ಟೆ, ಇಲ್ಲವೆಂದರೆ ಏನೂ ಇಲ್ಲ. ಕಟ್ಟುವ ಮುನ್ನ ಸೀಟನ್ನು ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸುವುದು. ಹೊಳಪಿನ ಎಣ್ಣೆ ಬಳಿಯದಿರುವುದು, ಬಳಿದರೆ ಸೀಟು ಜಾರುತ್ತದೆ. ತಿಂಗಳಿಗೊಮ್ಮೆ ಮಗುವಿನ ಸೀಟನ್ನು ಬಿಚ್ಚಿ, ಅಡಿಯ ಪುಡಿ ತೆಗೆದು, ಸ್ವಲ್ಪ ಗಾಳಿಯಾಡಲು ಬಿಟ್ಟು, ಮತ್ತೆ ಬಿಗಿದು, ಅಂಗುಲದ ಪರೀಕ್ಷೆ ಮಾಡುವುದು. ಕಲೆಗೆ ಸೌಮ್ಯ ಸೋಪಿನ ನೀರು. ಇಷ್ಟನ್ನು ಕಾರಿನ ಕೈಪಿಡಿಯವರು ಅರ್ಧ ಪುಟದಲ್ಲಿ ಬರೆಯಬಹುದಿತ್ತು. ಕನ್ನಡದಲ್ಲಿ ಬರೆದಿದ್ದರೆ ಮಾಮನೂ ಓದುತ್ತಿದ್ದರು.

ಮಾಮನ ಮನಸ್ಸು ಬದಲಾದದ್ದು ನಮ್ಮ ಅಕ್ಕಿ ಮೂಟೆಯ ಲೆಕ್ಕದಿಂದಲ್ಲ. ಎರಡು ದಿನ ಅವರು ಆ ಮಾತೇ ಎತ್ತಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಅಂದು ನಾವು ಎಳೆದಾಗ ಸರಿದಿದ್ದ ಪ್ಲಾಸ್ಟಿಕ್ ಹೊದಿಕೆಯ ಒಂದು ಮೂಲೆ ಮಡಚಿಕೊಂಡಿತ್ತು. ಅದನ್ನು ಸರಿಪಡಿಸಲು ಹೋದ ಮಾಮ ಎತ್ತಿ ನೋಡಿದರೆ ಅಡಿಯ ತಿಳಿ ಕಂದು ತೊಗಲಿನ ಮೇಲೆ ಬೂದು ಬಣ್ಣದ ಬೂಷ್ಟು, ಅಂಗೈ ಅಗಲದ ಎರಡು ಮಚ್ಚೆ. "ಯಾ ಅಲ್ಲಾಹ್" ಎಂದವರೇ ನಾಲ್ಕೂ ಸೀಟುಗಳ ಪ್ಲಾಸ್ಟಿಕ್ ಕಿತ್ತು ಅಂಗಳಕ್ಕೆಸೆದರು. ಮಗುವಿನ ಹೆಸರಿನಲ್ಲಿ ಆಗದ್ದು ತೊಗಲಿನ ಹೆಸರಿನಲ್ಲಿ ಆಯಿತು. ಬೂಷ್ಟು ಒರೆಸಿ, ಬಾಗಿಲು ತೆರೆದಿಟ್ಟು ಒಣಗಿಸಿದ ಮೇಲೆ, ಹಿಂದಿನ ಬರಿಯ ಸೀಟಿನ ಮೇಲೆ ಮಗುವಿನ ಸೀಟನ್ನು ಬಿಗಿದೆವು. ಮಾಮನೇ ಎರಡು ಕೈಯಲ್ಲಿ ಹಿಡಿದು ಎಳೆದು ನೋಡಿದರು. ಅಲುಗಲಿಲ್ಲ. "ಈಗ ಗಟ್ಟಿ ಉಂಟು" ಎಂದರು. ದಪ್ಪ ಚಾಪೆಯನ್ನು ಉಮ್ಮ ಜಗಲಿಯ ಬೆಂಚಿನ ಮೇಲೆ ಹಾಸಿಕೊಂಡರು, ಅದಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ.

ಐದು ವಾರಗಳ ನಂತರ ಬಜ್ಪೆಗೆ ಮರಳಿ ಹೋಗುವಾಗ ಮಗು ಹಿಂದೆ ತನ್ನ ಸೀಟಿನಲ್ಲಿ ನಿದ್ದೆ ಹೋಗಿತ್ತು. ಸೀಟು ಬಿಚ್ಚಿದ ಮೇಲೆ ತೊಗಲಿನ ಮೇಲೆ ಎರಡು ಗುಳಿಗಳು ಕಂಡವು. ಮಾಮ ಹೆಬ್ಬೆರಳಿನಿಂದ ಒತ್ತಿ ನೋಡಿ, "ಬೀಳ್ತದೆ ಅಂತ ನಾನು ಹೇಳಿದ್ದೆನಲ್ಲ" ಎಂದರು. ದಸರೆ ರಜೆಯ ಹೊತ್ತಿಗೆ ಒಂದು ಗುಳಿ ಪೂರ್ತಿ ಮೇಲೆದ್ದಿತ್ತು, ಇನ್ನೊಂದು ಬೆಳಕಿಗೆ ಓರೆಯಾಗಿ ನೋಡಿದರೆ ಮಾತ್ರ ಕಾಣುತ್ತಿತ್ತು. ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಖರ್ಜೂರದ ಬೀಜವೊಂದನ್ನು ತೆಗೆಯಲು ಮಾಮ ಹಳೆಯ ಹಲ್ಲುಜ್ಜುವ ಬ್ರಷ್ ಹುಡುಕುತ್ತಿದ್ದರು.